ಹಾಸನ ದಾಟಿದ ಪ್ರೋಗ್ರಾಂ ಚಿಕ್ಕಮಗಳೂರಿನಲ್ಲಿ ಯಾಕೆ ನಿಲ್ಲುತ್ತದೆ?

ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಇದನ್ನು ಈಗಲೇ ಮಾಡಿ ನೋಡಬಹುದು. ನೋಟ್‌ಪ್ಯಾಡ್ ತೆರೆದು ‘ಹಾಸನ’ ಎಂದಷ್ಟೇ ಟೈಪ್ ಮಾಡಿ ಒಂದು ಫೈಲ್ ಸೇವ್ ಮಾಡಿ. ಇನ್ನೊಂದು ಫೈಲ್‌ನಲ್ಲಿ ‘ಚಿಕ್ಕಮಗಳೂರು’ ಎಂದು ಟೈಪ್ ಮಾಡಿ. ಎರಡನ್ನೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಓಪನ್ ಫಂಕ್ಷನ್‌ಗೆ ಫೈಲ್ ಹೆಸರು ಮಾತ್ರ ಕೊಟ್ಟು ಓದಿಸಿ. ಮೊದಲನೆಯದು ಯಾವ ಎರರ್ ಇಲ್ಲದೆ ಓದಿಕೊಳ್ಳುತ್ತದೆ. ಎರಡನೆಯದು ಯೂನಿಕೋಡ್‌ಡಿಕೋಡ್‌ಎರರ್ ಎಂದು ಹೇಳಿ ನಿಂತುಬಿಡುತ್ತದೆ.

ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳ ಹೆಸರನ್ನು ಒಂದೊಂದಾಗಿ ಹೀಗೆ ಹಾಕಿದರೆ ಹಾಸನ ಮತ್ತು ಅರಸೀಕೆರೆ ಎರಡೇ ದಾಟುತ್ತವೆ. ಆಲೂರು, ಬೇಲೂರು, ಸಕಲೇಶಪುರ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಆರೂ ನಿಲ್ಲುತ್ತವೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೂಡಿಗೆರೆ, ತರೀಕೆರೆ, ಶೃಂಗೇರಿ, ಕಳಸ ದಾಟುತ್ತವೆ. ಕಡೂರು, ಕೊಪ್ಪ, ಅಜ್ಜಂಪುರ, ನರಸಿಂಹರಾಜಪುರ ದಾಟುವುದಿಲ್ಲ.

ಕಂಪ್ಯೂಟರ್ ಸೈನ್ಸ್ ಓದುತ್ತಾ ಹಾಸನದಲ್ಲಿ ರೂಮ್ ಮಾಡಿಕೊಂಡಿರುವ ನಮ್ಮಂಥವರಿಗೆ ಈ ತೊಂದರೆ ಮಿನಿ ಪ್ರಾಜೆಕ್ಟ್ ಶುರುವಾದ ಕೂಡಲೇ ಎದುರಾಗುತ್ತದೆ. ನಮ್ಮ ತಂಡದ್ದು ಮಳೆ ಲೆಕ್ಕದ ಪ್ರಾಜೆಕ್ಟ್. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟು ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಆ ಲೆಕ್ಕವನ್ನು ಊರಿನ ಹೆಸರಿನ ಜೊತೆ ಸಿಎಸ್‌ವಿ, ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿಯ ಫೈಲ್‌ಗೆ ಹಾಕಿ ಗ್ರಾಫ್ ತೆಗೆಯುವುದು ಕೆಲಸ. ಅಂಕಿಗಳು ಎಲ್ಲೂ ತೊಂದರೆ ಕೊಡಲಿಲ್ಲ. ಕಾಡಿದ್ದು ಊರಿನ ಹೆಸರುಗಳು. ಹಾಗಾಗಿ ಈ ಲೇಖನದ ತುಂಬ ಕನ್ನಡ ಅಕ್ಷರ ಕಂಪ್ಯೂಟರ್ ಒಳಗೆ ಏನಾಗುತ್ತದೆ ಎಂಬುದೇ ಇದೆ. ಇದೊಂದು ಸರಿಯಾಗಿ ಅರ್ಥವಾದರೆ ಹತ್ತಾರು ಎರರ್‌ಗಳ ಗುಟ್ಟು ಒಟ್ಟಿಗೇ ಬಿಡಿಸಿಕೊಳ್ಳುತ್ತದೆ.

ಒಳಗೆ ಇರುವುದು ಬರೀ ಸಂಖ್ಯೆ

ಫೈಲ್‌ನಲ್ಲಿ ಅಕ್ಷರ ಇರುವುದಿಲ್ಲ. ಬೈಟ್‌ಗಳು ಇರುತ್ತವೆ, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಹೇಳುವ ಪಟ್ಟಿ ಬೇರೆ ಇರುತ್ತದೆ. ಎ ಸೆಕ್ಷನ್‌ನ 24ನೇ ರೋಲ್ ನಂಬರ್ ಒಬ್ಬರದ್ದು, ಬಿ ಸೆಕ್ಷನ್‌ನ 24 ಇನ್ನೊಬ್ಬರದ್ದು ಅಲ್ವಾ? ಹಾಗೆಯೇ ಇಲ್ಲೂ ಯಾವ ಪಟ್ಟಿ ಎಂದು ತಿಳಿಯದೆ ಸಂಖ್ಯೆ ಓದಿದರೆ ಬೇರೆಯೇ ಅಕ್ಷರ ಎದ್ದು ಬರುತ್ತದೆ.

ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಒಂದು ದೊಡ್ಡ ಪಟ್ಟಿ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ ಮೀಸಲಿದೆ. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ‘ಹ’ 3257. ದೀರ್ಘದ ಗುರುತು ‘ಾ’ 3262. ‘ಸ’ 3256. ‘ನ’ 3240. ಇವು 255ಕ್ಕಿಂತ ದೊಡ್ಡವು, ಒಂದು ಬೈಟ್‌ನಲ್ಲಿ ಹಿಡಿಸುವುದಿಲ್ಲ. ದೊಡ್ಡ ಸಂಖ್ಯೆಯನ್ನು ಬೈಟ್‌ಗಳಾಗಿ ಒಡೆಯುವ ಒಂದು ಕ್ರಮವೇ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಮೂರು ಬೇಕು.

‘ಹಾಸನ’ ಫೈಲ್ ಒಳಗೆ ಹೀಗಿರುತ್ತದೆ: 224 178 185, 224 178 190, 224 178 184, 224 178 168. ಒಟ್ಟು ಹನ್ನೆರಡು ಬೈಟ್. ಪ್ರತಿ ಗುಂಪೂ 224ರಿಂದಲೇ ಶುರುವಾಗುವುದನ್ನು ಗಮನಿಸಿ. ಎರಡನೆಯದು 178 ಅಥವಾ 179 ಆಗಿರುತ್ತದೆ. ಕನ್ನಡದ ಎಲ್ಲ ಅಕ್ಷರಗಳಿಗೂ ಹೀಗೆಯೇ.

ಈಗ ವಿಂಡೋಸ್ ಕಡೆಗೆ ಬರೋಣ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ‘ಇಂಗ್ಲಿಷ್ (ಇಂಡಿಯಾ)’ ಎಂಬ ಸೆಟ್ಟಿಂಗ್‌ನಲ್ಲಿ ಇರುತ್ತವೆ. ಅದಕ್ಕೆ ಅಂಟಿಕೊಂಡಿರುವ ಹಳೇ ಪಟ್ಟಿಯ ಹೆಸರು ವಿಂಡೋಸ್-1252. ಇದು ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು. ಇದರಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. 3.14ರವರೆಗಿನ ಪೈಥಾನ್ ಆವೃತ್ತಿಗಳು ಫೈಲ್ ತೆರೆಯುವಾಗ ನಾವು ಏನೂ ಹೇಳದಿದ್ದರೆ ವಿಂಡೋಸ್‌ನ ಈ ಪಟ್ಟಿಯನ್ನೇ ಬಳಸುತ್ತವೆ. ಆ ಪಟ್ಟಿಯಲ್ಲಿ 224 ಎಂದರೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಎ. 178 ಎಂದರೆ ಮೇಲಕ್ಕೆ ಏರಿಸಿದ ಚಿಕ್ಕ ಎರಡು. 185 ಎಂದರೆ ಮೇಲಕ್ಕೆ ಏರಿಸಿದ ಚಿಕ್ಕ ಒಂದು. ಹೀಗೆ ನಮ್ಮ ಒಂದು ‘ಹ’ ಮೂರು ವಿಚಿತ್ರ ಗುರುತುಗಳಾಗಿ ಹೊರಬರುತ್ತದೆ. ‘ಹಾಸನ’ ಓದಿಕೊಂಡಿತು ಎಂದು ಮೊದಲು ಹೇಳಿದೆನಲ್ಲ, ಅದು ಓದಿಕೊಂಡಿದ್ದು ಈ ಹನ್ನೆರಡು ಗುರುತುಗಳ ಸಾಲನ್ನು.

ಚಿಕ್ಕಮಗಳೂರಿನಲ್ಲಿ ಯಾಕೆ ನಿಲ್ಲುತ್ತದೆ? ವಿಂಡೋಸ್-1252 ಪಟ್ಟಿಯಲ್ಲಿ ಐದು ಜಾಗ ಖಾಲಿ ಇವೆ: 129, 141, 143, 144, 157. ಒತ್ತಕ್ಷರ ಮಾಡಲು ಬಳಸುವ ಅರ್ಧಾಕ್ಷರದ ಗುರುತು ‘್’ ಯುಟಿಎಫ್-8ರಲ್ಲಿ 224 179 141. ಕೊಂಬು ‘ು’ 224 179 129. ಎರಡೂ ಕೊನೆಯಲ್ಲಿ ಖಾಲಿ ಜಾಗಕ್ಕೇ ಹೋಗಿ ಬೀಳುತ್ತವೆ. ಹಾಗಾಗಿ ಒತ್ತಕ್ಷರವೋ ಕೊಂಬೋ ಇರುವ ಯಾವ ಊರೂ ದಾಟುವುದಿಲ್ಲ. ‘ಏ’, ‘ಐ’, ‘ಝ’ ಅಕ್ಷರಗಳಿಗೂ ಇದೇ ಗತಿ. ಮೇಲಿನ ತಾಲ್ಲೂಕುಗಳ ಪಟ್ಟಿಯನ್ನು ಮತ್ತೆ ನೋಡಿದರೆ ತಾನಾಗಿ ಗೊತ್ತಾಗುತ್ತದೆ.

ಎರರ್ ಮೆಸೇಜ್ ಇದನ್ನೆಲ್ಲ ಆಗಲೇ ಹೇಳಿರುತ್ತದೆ. ಚಾರ್‌ಮ್ಯಾಪ್ ಕೋಡೆಕ್, 0ಎಕ್ಸ್8ಡಿ ಬೈಟ್, ಪೊಸಿಷನ್ 11, ಅನ್‌ಡಿಫೈನ್ಡ್. ಹದಿನಾರರ ಲೆಕ್ಕದಲ್ಲಿ ಸಂಖ್ಯೆ ಬರೆಯುವ ಹೆಕ್ಸಾಡೆಸಿಮಲ್‌ನ 8ಡಿ ಎಂದರೆ 141. ಸೊನ್ನೆಯಿಂದ ಎಣಿಸಿದರೆ ‘ಚ’ 0ಯಿಂದ 2, ‘ಿ’ 3ರಿಂದ 5, ‘ಕ’ 6ರಿಂದ 8, ‘್’ 9ರಿಂದ 11. ಸರಿಯಾಗಿ ಆ ಒತ್ತಿನ ಕೊನೇ ಬೈಟ್‌ಗೇ ಬೆರಳಿಟ್ಟು ತೋರಿಸಿದೆ. ಇಂಥ ಉದ್ದ ಮೆಸೇಜ್ ಬಂದಾಗ ನಮ್ಮಲ್ಲಿ ಜಾಸ್ತಿ ಜನ ಕೊನೇ ಸಾಲು ಓದದೆ ಇಡೀ ಮೆಸೇಜನ್ನು ಕಾಪಿ ಮಾಡಿ ಹುಡುಕಲು ಹೊರಡುತ್ತಾರೆ. ಕೊನೇ ಸಾಲನ್ನು ಒಂದೊಂದು ಪದವಾಗಿ ಓದುವುದು ಕಲಿಯಬೇಕು. ಬೈಟ್ ಯಾವುದು, ಎಷ್ಟನೇ ಜಾಗ ಎಂಬ ಎರಡೂ ಉತ್ತರ ಅಲ್ಲೇ ಇರುತ್ತವೆ. ಯಾವ ಪಟ್ಟಿ ಎಂಬುದು ಅದರ ಮೇಲಿನ ಸಾಲುಗಳಲ್ಲಿ ಸಿಪಿ1252 ಎಂಬ ಫೈಲ್ ಹೆಸರಾಗಿ ಇರುತ್ತದೆ.

ಪರಿಹಾರ ಚಿಕ್ಕದು. ಫೈಲ್ ತೆರೆಯುವಾಗ, ಯಾವ ಪಟ್ಟಿ ಎಂದು ತಿಳಿಸುವ ಎನ್‌ಕೋಡಿಂಗ್ ಎಂಬ ಆರ್ಗ್ಯುಮೆಂಟ್‌ಗೆ ಯುಟಿಎಫ್-8 ಎಂದು ಬರೆದರೆ ಮುಗಿಯಿತು. ಓದುವಾಗಲೂ, ಬರೆಯುವಾಗಲೂ.

‘ಲ್ಯಾಬ್‌ನಲ್ಲಿ ಓಡ್ತಿತ್ತು ಕಣೇ, ರೂಮ್‌ಗೆ ಬಂದ್ರೆ ಓಡ್ತಿಲ್ಲ’ ಎಂಬ ಗೋಳಿಗೂ ಎಷ್ಟೋ ಸಲ ಇದೇ ಕಾರಣ. ಲ್ಯಾಬ್‌ನಲ್ಲಿ ವಿಂಡೋಸ್ ಬದಲು ಉಬುಂಟು ಇದ್ದರೆ ಅಲ್ಲಿ ಪೈಥಾನ್ ಯುಟಿಎಫ್-8ನ್ನೇ ಹಿಡಿಯುತ್ತದೆ. ಜಾವಾದಲ್ಲೂ 2022ರ ಜಾವಾ 18 ಬರುವವರೆಗೆ ಇದೇ ಕಥೆ. 17 ಅಥವಾ ಅದಕ್ಕಿಂತ ಹಳೆಯದು ಬಳಸುತ್ತಿದ್ದರೆ ಅಲ್ಲೂ ಎನ್‌ಕೋಡಿಂಗ್ ಬಾಯಿಬಿಟ್ಟು ಹೇಳಲೇಬೇಕು.

ಮೊದಲು ಹೇಳಿದ ಎರಡು ಫೈಲ್‌ಗಳಲ್ಲಿ ಹೆಚ್ಚು ಅಪಾಯ ‘ಹಾಸನ’ದ ಫೈಲ್‌ನದ್ದು. ಎರರ್ ಕೊಟ್ಟು ನಿಂತ ಪ್ರೋಗ್ರಾಂ ಅಲ್ಲೇ ಎಚ್ಚರಿಸುತ್ತದೆ. ಸದ್ದಿಲ್ಲದೆ ತಪ್ಪು ಓದಿದ್ದು ಡೇಟಾಬೇಸ್‌ವರೆಗೂ ಹೋಗಿ ಕೂರುತ್ತದೆ. ಆಮೇಲೆ ಹುಡುಕುವುದು ಕಷ್ಟ.

ಎಕ್ಸೆಲ್ ತೆರೆದಾಗ

ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಕೂಡ ಹಳೇ ಪಟ್ಟಿಯಿಂದಲೇ ಓದುತ್ತದೆ. ಓರೆಗೆರೆ ಹೊತ್ತ ಎ ಸಾಲುಗಟ್ಟಿ ನಿಲ್ಲುತ್ತವೆ. ಫೈಲ್ ಕೆಟ್ಟಿತು ಎಂದು ಗಾಬರಿ ಬೀಳಬೇಡಿ, ಬೈಟ್‌ಗಳು ಹಾಗೇ ಇವೆ. ಸೇವ್ ಮಾಡದೆ ಮುಚ್ಚಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆ ಹಿಡಿದು ‘65001: ಯೂನಿಕೋಡ್ (ಯುಟಿಎಫ್-8)’ ಆರಿಸಿ. ಸರಿಯಾಗಿ ಬರುತ್ತದೆ.

ಎಕ್ಸೆಲ್ ತಾನಾಗಿಯೇ ಗುರುತು ಹಿಡಿಯಬೇಕೆಂದರೆ ಫೈಲ್‌ನ ತಲೆಯಲ್ಲಿ 239 187 191 ಎಂಬ ಮೂರು ಬೈಟ್ ಇರಬೇಕು. ಇದಕ್ಕೆ ಬಾಮ್ ಎನ್ನುತ್ತಾರೆ. ಪೈಥಾನ್‌ನಲ್ಲಿ ಬರೆಯುವಾಗ ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಅದು ಸೇರಿಕೊಳ್ಳುತ್ತದೆ. ಆದರೆ ಅದೇ ಫೈಲನ್ನು ಮುಂದೆ ಸಾದಾ ಯುಟಿಎಫ್-8 ಎಂದು ಓದಿದರೆ ಆ ಮೂರು ಬೈಟ್ ಕಣ್ಣಿಗೆ ಕಾಣದ ಒಂದು ಅಕ್ಷರವಾಗಿ ಮೊದಲ ಕಾಲಂ ಹೆಸರಿಗೆ ಅಂಟಿಕೊಳ್ಳುತ್ತದೆ. ‘ತಾಲ್ಲೂಕು’ ಎಂಬ ಕಾಲಂ ಎದುರಿಗೇ ಇದೆ, ಸಿಎಸ್‌ವಿ ಮಾಡ್ಯೂಲ್‌ನ ಡಿಕ್ಟ್‌ರೀಡರ್ ಮಾತ್ರ ಕೀಎರರ್ ಕೊಡುತ್ತದೆ! ಎರಡನೇ ಕಾಲಂ ಸಿಗುತ್ತದೆ, ಮೂರನೆಯದೂ ಸಿಗುತ್ತದೆ, ಮೊದಲನೆಯದು ಮಾತ್ರ ಇಲ್ಲ ಎನ್ನುತ್ತದೆ. ಹೀಗಾದರೆ ಬಾಮ್ ಮೇಲೆ ಅನುಮಾನಪಡಿ. ಓದುವಾಗಲೂ ಯುಟಿಎಫ್-8-ಸಿಗ್ ಕೊಟ್ಟರೆ ಸರಿಹೋಗುತ್ತದೆ. ಬಾಮ್ ಇಲ್ಲದ ಫೈಲನ್ನೂ ಅದು ಸರಿಯಾಗಿಯೇ ಓದುತ್ತದೆ.

ಎಕ್ಸೆಲ್‌ನಿಂದ ಸೇವ್ ಮಾಡುವಾಗ ಇನ್ನೊಂದು ಎಚ್ಚರ ಬೇಕು. ಸೇವ್ ಆ್ಯಸ್ ಪಟ್ಟಿಯಲ್ಲಿ ಸಿಎಸ್‌ವಿ ಎಂಬುದು ಒಂದಕ್ಕಿಂತ ಹೆಚ್ಚು ಕಡೆ ಇದೆ. ಬರೀ ಕಾಮಾ ಡಿಲಿಮಿಟೆಡ್ ಎಂದಿರುವುದನ್ನು ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಯುಟಿಎಫ್-8 ಎಂದು ಹೆಸರಿನಲ್ಲೇ ಇರುವುದನ್ನು ಆರಿಸಬೇಕು.

ಪ್ರಶ್ನಾರ್ಥಕ, ಡಬ್ಬಿ, ಕಪ್ಪು ವಜ್ರ

ಪರದೆಯ ಮೇಲೆ ಕನ್ನಡ ಕೆಟ್ಟು ಕಂಡಾಗ ಹೇಗೆ ಕೆಟ್ಟಿದೆ ಎಂದು ನೋಡಿದರೆ ಅರ್ಧ ಕೆಲಸ ಆದಂತೆ. ಓರೆಗೆರೆಯ ಎ ಕಂಡರೆ ಪಟ್ಟಿ ತಪ್ಪಿದೆ, ಡೇಟಾ ಉಳಿದಿದೆ. ಖಾಲಿ ಡಬ್ಬಿಗಳು ಕಂಡರೆ ಡೇಟಾ ಸರಿ ಇದೆ, ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡದಂಥ ಒಂದು ಫಾಂಟ್ ಹಾಕಿದರೆ ಆಯಿತು. ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಕಂಡರೆ ಯುಟಿಎಫ್-8 ಅಲ್ಲದ್ದನ್ನು ಯುಟಿಎಫ್-8 ಎಂದು ಓದಲಾಗಿದೆ. ಆ ಸ್ಥಿತಿಯಲ್ಲಿ ಸೇವ್ ಒತ್ತಬೇಡಿ, ಒತ್ತಿದರೆ ಮೂಲ ಬೈಟ್ ಹೋಗಿಬಿಡುತ್ತದೆ.

ನಿಜವಾಗಿ ಹೆದರಬೇಕಾದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗೆ. ‘ಈ ಪಟ್ಟಿಯಲ್ಲಿ ನಿನ್ನ ಅಕ್ಷರ ಇಲ್ಲ’ ಎಂದು ಯಾವುದೋ ಹಂತದಲ್ಲಿ ಸಾಫ್ಟ್‌ವೇರ್ ಅಕ್ಷರವನ್ನೇ ಬಿಸಾಕಿ ಅದರ ಜಾಗದಲ್ಲಿ 63 ಎಂಬ ಸಂಖ್ಯೆ ಇಟ್ಟಿರುತ್ತದೆ. ‘ಹಾಸನ’ವೂ ನಾಲ್ಕು ಪ್ರಶ್ನಾರ್ಥಕ, ‘ಮೈಸೂರು’ ಆರು. ಅದರಿಂದ ಊರಿನ ಹೆಸರನ್ನು ವಾಪಸ್ ತರಲು ಯಾವ ಸಾಫ್ಟ್‌ವೇರ್‌ಗೂ ಆಗುವುದಿಲ್ಲ.

ಆದರೂ ಒಮ್ಮೆ ಖಚಿತ ಮಾಡಿಕೊಳ್ಳಬೇಕು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಡೇಟಾ ಸರಿ ಇದ್ದು, ತೋರಿಸುವ ಕನೆಕ್ಷನ್ ಮಾತ್ರ ಹಳೇ ಲ್ಯಾಟಿನ್-1 ಪಟ್ಟಿಯಲ್ಲಿ ಇದ್ದರೂ ಪ್ರಶ್ನಾರ್ಥಕವೇ ಕಾಣುತ್ತದೆ. ಅದಕ್ಕೆ ಹೆಕ್ಸ್ ಎಂಬ ಫಂಕ್ಷನ್ ಇದೆ. ಕಾಲಂ ಹೆಸರನ್ನು ಅದರೊಳಗೆ ಹಾಕಿ ಸೆಲೆಕ್ಟ್ ಮಾಡಿ. 3ಎಫ್ 3ಎಫ್ 3ಎಫ್ ಎಂದು ಬಂದರೆ ಅದೇ 63, ಹೋಯಿತು. ಇ0 ಬಿ2 ಎಂದು ಬಂದರೆ ಅದು 224 178, ನಿಮ್ಮ ಕನ್ನಡ ಒಳಗೆ ಭದ್ರವಾಗಿದೆ, ಕನೆಕ್ಷನ್ ಸರಿ ಮಾಡಿ. 2018ರ 8.0 ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ತಾನಾಗಿಯೇ ಯುಟಿಎಫ್-8 ಹಿಡಿಯುತ್ತದೆ. ಹಳೇ 5.7 ಇರುವ ಕಡೆ ಟೇಬಲ್ ಮಾಡುವಾಗಲೇ ಕ್ಯಾರಕ್ಟರ್ ಸೆಟ್ ಬರೆಯಬೇಕು.

ಇದರಲ್ಲೇ ದೋಷ ಹುಡುಕುವ ಪೂರ್ತಿ ವಿಧಾನ ಅಡಗಿದೆ. ಪರದೆಯನ್ನು ನಂಬಬೇಡಿ, ಸಂಖ್ಯೆ ನೋಡಿ. ಕಪ್ಪು ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನ್ನಡದ ಒತ್ತು, ಕೊಂಬುಗಳು ಸರಿಯಾಗಿ ಕೂರುವುದಿಲ್ಲ. ಅಲ್ಲಿ ಕೆಟ್ಟು ಕಂಡ ಮಾತ್ರಕ್ಕೆ ಫೈಲ್ ಕೆಟ್ಟಿದೆ ಎಂದಲ್ಲ. ಡೇಟಾ ಹೋಗುವ ದಾರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಫೈಲ್, ಪೈಥಾನ್, ಡೇಟಾಬೇಸ್, ವೆಬ್ ಪೇಜ್. ಪ್ರತಿ ಹಂತದಲ್ಲೂ ಒಂದೇ ಒಂದು ಪದದ ಬೈಟ್‌ಗಳನ್ನು ನೋಡಿ. ಪೈಥಾನ್‌ನಲ್ಲಿ ಫೈಲನ್ನು ಆರ್‌ಬಿ ಮೋಡ್‌ನಲ್ಲಿ ತೆರೆದರೆ ಯಾವ ಪಟ್ಟಿಯೂ ಅಡ್ಡ ಬರದೆ ಬೈಟ್‌ಗಳು ಸಿಗುತ್ತವೆ. 224 178 185 ಯಾವ ಹಂತದವರೆಗೆ ಇತ್ತು, ಎಲ್ಲಿ ಬದಲಾಯಿತು ಎಂದು ಗೊತ್ತಾದರೆ ಸರಿಪಡಿಸಬೇಕಾದ ಸಾಲು ಅದರ ಹಿಂದಿನದ್ದೇ. ಇಡೀ ಮಳೆ ಫೈಲ್ ಇಟ್ಟುಕೊಂಡು ಸುಮ್ನೆ ಒದ್ದಾಡುವುದಕ್ಕಿಂತ ಒಂದು ಊರಿನ ಫೈಲ್ ಇಟ್ಟುಕೊಂಡು ಹುಡುಕುವುದು ಎಷ್ಟೋ ಸುಲಭ. ಆ ಊರಿನ ಹೆಸರಲ್ಲಿ ಒತ್ತು, ಕೊಂಬು ಎರಡೂ ಇರಲಿ. ‘ಹಾಸನ’ ಒಂದನ್ನೇ ಇಟ್ಟು ಪರೀಕ್ಷಿಸಿದರೆ ಏನಾಗುತ್ತದೆ ಎಂದು ಆಗಲೇ ನೋಡಿದ್ದೇವೆ.

ಉದ್ದ ಎಷ್ಟು?

‘ಹಾಸನ’ಕ್ಕೆ ಎಷ್ಟು ಅಕ್ಷರ? ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ. ಪೈಥಾನ್‌ನ ಲೆನ್ ನಾಲ್ಕು ಎನ್ನುತ್ತದೆ. ಸಿ ಭಾಷೆಯ ಸ್ಟ್ರ್‌ಲೆನ್ ಹನ್ನೆರಡು ಎನ್ನುತ್ತದೆ. ಮೂವರೂ ಸರಿಯೇ. ಮಗು ಎಣಿಸಿದ್ದು ನಾವು ಓದುವ ಅಕ್ಷರ, ಪೈಥಾನ್ ಎಣಿಸಿದ್ದು ಯೂನಿಕೋಡ್ ಸಂಖ್ಯೆ, ಸಿ ಎಣಿಸಿದ್ದು ಬೈಟ್. ‘ಚಿಕ್ಕಮಗಳೂರು’ ತೆಗೆದುಕೊಂಡರೆ ಇದೇ ಲೆಕ್ಕ ಆರು, ಹನ್ನೊಂದು, ಮೂವತ್ತಮೂರು.

ಇದು ಬರೀ ಕುತೂಹಲದ ವಿಷಯವಲ್ಲ. ಸಿ ಲ್ಯಾಬ್‌ನಲ್ಲಿ ಊರಿನ ಹೆಸರಿಗೆ ಹತ್ತು ಜಾಗದ ಅರೇ ಕೊಟ್ಟರೆ ‘ಹಾಸನ’ವೂ ಹಿಡಿಸುವುದಿಲ್ಲ. ಪದ ಮುಗಿಯಿತು ಎಂದು ತೋರಿಸಲು ಸಿ ಇಡುವ ಕೊನೆಯ ಸೊನ್ನೆಯೂ ಸೇರಿ ಹದಿಮೂರು ಬೇಕು. ಸ್ಟ್ರಿಂಗ್ ತಿರುಗಿಸುವ ಪ್ರೋಗ್ರಾಂಗೆ ಕನ್ನಡ ಕೊಟ್ಟು ನೋಡಿ. ‘ಹಾಸನ’ ತಿರುಗಿದರೆ ‘ನಸಹಾ’ ಆಗಬೇಕಿತ್ತು. ಪೈಥಾನ್ ಕೊಡುವುದು ‘ನಸಾಹ’. ದೀರ್ಘ ‘ಹ’ವನ್ನು ಬಿಟ್ಟು ‘ಸ’ಕ್ಕೆ ಅಂಟಿಕೊಂಡಿದೆ. ‘ಚಿಕ್ಕಮಗಳೂರು’ ತಿರುಗಿಸಿದರೆ ಮೊದಲಿಗೆ ಬರುವುದೇ ಕೊಂಬು, ಅದಕ್ಕೆ ಅಂಟಿಕೊಳ್ಳಲು ಅಕ್ಷರವೇ ಇಲ್ಲ. ಪರದೆಯಲ್ಲಿ ಒಂದು ಚುಕ್ಕಿಗಳ ವೃತ್ತದ ಪಕ್ಕ ಅದು ನೇತಾಡುತ್ತದೆ. ಎಲ್ಲಾದರೂ ಆ ಚುಕ್ಕಿ ವೃತ್ತ ಕಂಡರೆ ಯಾರೋ ಪದವನ್ನು ಅಕ್ಷರದ ನಡುವೆ ಕತ್ತರಿಸಿದ್ದಾರೆ ಎಂದು ತಿಳಿಯಿರಿ. ಓದುವ ಅಕ್ಷರದಂತೆ ಬಿಡಿಸುವ ಲೈಬ್ರರಿಗಳಿವೆ. ಕನ್ನಡದ ಒತ್ತಕ್ಷರವನ್ನು ಎಲ್ಲವೂ ಒಂದೇ ಎಂದು ಎಣಿಸುವುದಿಲ್ಲ, ಬಳಸುವ ಮುಂಚೆ ‘ಕ್ಕ’ ಕೊಟ್ಟು ನೋಡುವುದು ಒಳ್ಳೆಯದು.

ಎರಡು ಬೇಲೂರು

ಡೇಟಾಬೇಸ್‌ನಲ್ಲಿ ಬೇಲೂರು ಇದೆ. ಹುಡುಕಿದರೆ ಸಿಗುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ಒಂದು ಗೆರೆ ವ್ಯತ್ಯಾಸ ಕಾಣುವುದಿಲ್ಲ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಮಸ್ಯೆ, ಯಾಕೆಂದರೆ ಉತ್ತರ ನಮ್ಮ ಲಿಪಿಯ ರಚನೆಯಲ್ಲೇ ಇದೆ.

‘ಬೇ’ಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ‘ಬ’ ಮತ್ತು ‘ೇ’ ಎಂಬ ಒಂದೇ ಗುರುತು. ಇಲ್ಲವೇ ‘ಬ’, ಹ್ರಸ್ವದ ‘ೆ’, ಆಮೇಲೆ ದೀರ್ಘದ ಗುರುತು ಬೇರೆಯಾಗಿ. ಮೊದಲನೇ ಬೇಲೂರಿನ ಲೆನ್ ಆರು, ಎರಡನೆಯದರದ್ದು ಏಳು. ಹೋಲಿಸಿದರೆ ಫಾಲ್ಸ್ ಬರುತ್ತದೆ. ‘ೀ’, ‘ೈ’, ‘ೊ’, ‘ೋ’ಗಳಿಗೂ ಹೀಗೇ ಎರಡೆರಡು ದಾರಿ ಇವೆ. ಎರಡೂ ಒಂದೇ ಎಂದು ಯೂನಿಕೋಡ್ ಒಪ್ಪುತ್ತದೆ. ಒಂದೇ ರೂಪಕ್ಕೆ ತರುವ ಕೆಲಸಕ್ಕೆ ನಾರ್ಮಲೈಸೇಷನ್ ಎಂದು ಹೆಸರು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಎರಡು ಬೇಲೂರೂ ಒಂದಾಗುತ್ತವೆ. ಡೇಟಾ ಒಳಗೆ ಬರುವಾಗ ಒಮ್ಮೆ, ಹುಡುಕುವ ಪದಕ್ಕೆ ಒಮ್ಮೆ ಮಾಡಬೇಕು.

ನಾರ್ಮಲೈಸೇಷನ್‌ಗೂ ಬಗ್ಗದ ಒಂದಿದೆ. ‘ಸಾಫ್ಟ್‌ವೇರ್’ ಎಂದು ಟೈಪ್ ಮಾಡುವಾಗ ‘ವೇ’ ಹೋಗಿ ‘ಟ’ಕ್ಕೆ ಒತ್ತಾಗದಂತೆ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ‘ರ‍್ಯಾಂಕ್’ ಬರೆಯುವಾಗ ಅರ್ಕಾವತ್ತು ಬರದಂತೆ ಇನ್ನೊಂದು ಕಾಣದ ಅಕ್ಷರ ಹಾಕುತ್ತೇವೆ. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಹುಡುಕಾಟ ತಪ್ಪುತ್ತದೆ. ಮೂಲ ಪಠ್ಯವನ್ನು ಹಾಗೇ ಇಟ್ಟು, ಹೋಲಿಸಲು ಮಾತ್ರ ಈ ಎರಡನ್ನೂ ತೆಗೆದ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯ ದಾರಿ.

ನುಡಿಯ ಹಳೇ ಫೈಲ್ ಕೈಗೆ ಬಂದರೆ

ಪ್ರಾಜೆಕ್ಟ್‌ಗೆ ಎಂದು ಯಾವುದೋ ಕಚೇರಿಯಿಂದ ಹಳೇ ಊರುಗಳ ಪಟ್ಟಿ ತಂದರೆ ಅದು ಯೂನಿಕೋಡ್ ಅಲ್ಲದಿರುವ ಸಾಧ್ಯತೆ ಜಾಸ್ತಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಬಂದ ‘ಬರಹ’ ಎಂಬ ಟೈಪಿಂಗ್ ಸಾಫ್ಟ್‌ವೇರ್‌ಗಳಿಂದಲೇ ಕಂಪ್ಯೂಟರ್‌ನಲ್ಲಿ ಕನ್ನಡ ಹಬ್ಬಿತು. ಆಗ ಯೂನಿಕೋಡ್ ಕನ್ನಡ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ತುಂಡುಗಳನ್ನು ಚಿತ್ರಿಸಿದ ಫಾಂಟ್ ಮಾಡಿದರು. ಗುರುತು ಹಿಡಿಯುವುದು ಸುಲಭ. ಫಾಂಟ್ ಬದಲಿಸಿ ಏರಿಯಲ್ ಮಾಡಿ. ಕನ್ನಡ ಮಾಯವಾಗಿ ಇಂಗ್ಲಿಷ್ ಕಲಸುಮೇಲೋಗರ ಬಂದರೆ ಅದು ಹಳೇದು.

ಅಂಥ ಫೈಲ್‌ನಲ್ಲಿ ‘ಹಾಸನ’ ಎಂದರೆ 186 193 184 192 163 192, ಆರು ಸಂಖ್ಯೆ. 192 ತಲೆಕಟ್ಟು. 193 ತಲೆಕಟ್ಟಿನ ಜೊತೆ ದೀರ್ಘ. ಉಳಿದವು ‘ಹ’, ‘ಸ’, ‘ನ’ಗಳ ಕೆಳಭಾಗ. ಇಲ್ಲಿ ಅಕ್ಷರವನ್ನು ಉಚ್ಚಾರದ ಪ್ರಕಾರ ಇಟ್ಟಿಲ್ಲ, ಕಾಣುವ ಆಕಾರದ ತುಂಡುಗಳಾಗಿ ಇಟ್ಟಿದ್ದಾರೆ. ಎನ್‌ಕೋಡಿಂಗ್ ಏನು ಬದಲಿಸಿದರೂ ಇದು ಸರಿಯಾಗುವುದಿಲ್ಲ. ಕನ್ವರ್ಟರ್ ಬೇಕೇ ಬೇಕು.

ಸ್ವಂತ ಕನ್ವರ್ಟರ್ ಬರೆಯಲು ಹೊರಟವರು ಒಂದೊಂದು ತುಂಡನ್ನೂ ಫೈಂಡ್-ರಿಪ್ಲೇಸ್ ಮಾಡಿದರೆ ಸಾಕು ಎಂದುಕೊಳ್ಳುತ್ತಾರೆ. ‘ಹಾಸನ’ಕ್ಕೆ ಅದು ಸಾಕು. ‘ಕರ್ನಾಟಕ’ಕ್ಕೆ ಸಾಲದು. ಯೂನಿಕೋಡ್‌ನಲ್ಲಿ ‘ರ್’ ಮೊದಲು, ‘ನಾ’ ಆಮೇಲೆ. ಹಳೇ ಫೈಲ್‌ನಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ‘ನಾ’ ಮೊದಲು, ಅರ್ಕಾವತ್ತು ಅದರ ಹಿಂದೆ. ಅದನ್ನು ಒಂದು ಅಕ್ಷರ ಹಿಂದಕ್ಕೆ ದಾಟಿಸಬೇಕು. ಆ ಅಕ್ಷರಕ್ಕೆ ಒತ್ತು ಇದ್ದರೆ ಒತ್ತನ್ನೂ ಸೇರಿಸಿ ದಾಟಿಸಬೇಕು. ಆದ್ದರಿಂದ ಕನ್ವರ್ಟರ್ ನಿಮ್ಮದಿರಲಿ, ಬೇರೆಯವರದ್ದಿರಲಿ, ಇಡೀ ಫೈಲ್ ಕೊಡುವ ಮುಂಚೆ ‘ಕರ್ನಾಟಕ’, ‘ವರ್ಷ’, ‘ಮಾರ್ಗ’, ‘ಸೂರ್ಯ’ ಇಷ್ಟನ್ನು ಕೊಟ್ಟು ನೋಡಿ. ಅರ್ಕಾವತ್ತು ಸರಿಯಾದ ಜಾಗಕ್ಕೆ ಬಂದಿದ್ದರೆ ಮಿಕ್ಕ ಪಟ್ಟಿಯನ್ನು ಕೊಡಬಹುದು. ಮೂಲ ಫೈಲ್ ಮಾತ್ರ ಅಳಿಸಬೇಡಿ.